ಕೋರ್ಟಿಂದ ಸಾಕ್ಷಿ ಸಮನ್ಸ್ ಬಂದಿದೆ: ಎಪಿಪಿ ಅವರನ್ನು ಯಾವಾಗ, ಹೇಗೆ ಕಾಣಬೇಕು? ಅನುಭವ ಇದ್ದವರು ತಿಳಿಸಿ

ಕೇಳಿದವರು: ಗೋಪಾಳ, ಶಿವಮೊಗ್ಗ

ಕಳೆದ ಮಳೆಗಾಲದಲ್ಲಿ ನಮ್ಮ ಅತ್ತೆಯ ಮನೆಗೆ ರಾತ್ರಿ ಬೀಗ ಒಡೆದು ನುಗ್ಗಿ ಒಂದು ಸರ, ಎರಡು ಬಳೆ ಕದ್ದಿದ್ದರು. ಆರೋಪಿ ಸಿಕ್ಕಿದ್ದಾನೆ, ಒಡವೆಯೂ ಸಿಕ್ಕಿದೆ, ಚಾರ್ಜ್‌ಶೀಟ್ ಆಗಿದೆ. ಈಗ ಅತ್ತೆಗೆ, ಮಹಜರಿಗೆ ಸಹಿ ಹಾಕಿದ ಪಕ್ಕದ ಮನೆಯವರಿಗೆ, ಸಿಸಿಟಿವಿ ದೃಶ್ಯ ಕೊಟ್ಟ ಎದುರಿನ ಅಂಗಡಿಯವರಿಗೆ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಿಂದ ಸಮನ್ಸ್ ಬಂದಿದೆ. ಸರ್ಕಾರಿ ವಕೀಲರು ಇರ್ತಾರೆ, ಚಿಂತೆ ಬೇಡ ಅಂತ ಠಾಣೆಯಲ್ಲಿ ಹೇಳಿದರು. ಅವರಿಗೆ ಫೀಸು ಕೊಡಬೇಕಾ? ಮೊದಲೇ ಹೋಗಿ ಕಂಡರೆ ತಪ್ಪಾಗುತ್ತಾ? ನಾವೇ ಬೇರೆ ವಕೀಲರನ್ನು ಇಡಬೇಕಾ? ಒಡವೆ ಇನ್ನೂ ಕೋರ್ಟಲ್ಲೇ ಇದೆ. ಜೊತೆಗೆ ಆರೋಪಿ ಕಡೆಯವರು ಮನೆಗೆ ಬಂದು “ರಾಜಿ ಮಾಡ್ಕೊಳ್ಳಿ” ಅಂತಿದ್ದಾರೆ. ದಯವಿಟ್ಟು ಬಿಡಿಸಿ ಹೇಳಿ.

ವಕೀಲೆ, ಶಿವಮೊಗ್ಗ:

ಮೊದಲ ಪ್ರಶ್ನೆಗೆ ಉತ್ತರ: ಒಂದು ರೂಪಾಯಿಯೂ ಕೊಡಬೇಕಿಲ್ಲ. ಎಪಿಪಿ ಅಂದರೆ ಸಹಾಯಕ ಸರ್ಕಾರಿ ಅಭಿಯೋಜಕರು. ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಪ್ರಾಸಿಕ್ಯೂಷನ್ ಪರ ಕೇಸು ನಡೆಸುವುದು ಅವರು, ಸೆಷನ್ಸ್ ಕೋರ್ಟಿನಲ್ಲಿ ಪಿಪಿ, ಅಂದರೆ ಸರ್ಕಾರಿ ಅಭಿಯೋಜಕರು. ಎಪಿಪಿಗಳು ಅಭಿಯೋಜನೆ ಇಲಾಖೆಗೆ ಸೇರಿದವರು, ಎಸ್‌ಪಿ ಕಚೇರಿಯ ಕೈಕೆಳಗಿನವರಲ್ಲ. ಠಾಣೆಯವರು ಸರಿಯಾಗಿ ಮಾತಾಡಿಸಲಿಲ್ಲ ಅಂತ ಎಪಿಪಿ ಹತ್ತಿರ ಹೋಗಲು ಹಿಂಜರಿಯುವವರು ಬಹಳ ಜನ ಇದ್ದಾರೆ. ಹಿಂಜರಿಯಬೇಡಿ, ಅದು ಬೇರೆ ಕಚೇರಿ.

ಆದರೆ ಎಪಿಪಿ ನಿಮ್ಮ ಅತ್ತೆಯ ವಕೀಲರಲ್ಲ, ಸರ್ಕಾರದ ವಕೀಲರು. ಒಂದೇ ದಿನ ಅವರ ಮುಂದೆ ಹತ್ತಾರು ಕೇಸುಗಳ ಕಡತ ಇರುತ್ತದೆ. ನಿಮ್ಮ ಕಡತವನ್ನು ಅವರು ಆ ದಿನ ಬೆಳಿಗ್ಗೆಯೇ ಮೊದಲ ಸಲ ಬಿಡಿಸಿ ನೋಡುವ ಸಂಭವ ಹೆಚ್ಚು. ಕೆಲವು ಕಡೆ ಒಬ್ಬರೇ ಎಪಿಪಿಗೆ ಎರಡು ಕೋರ್ಟಿನ ಪ್ರಭಾರ ಇರುತ್ತದೆ. ಹಾಗಾಗಿ ತಾರೀಖಿಗೆ ನಾಲ್ಕೈದು ದಿನ ಮುಂಚೆ, ಸಂಜೆ ಕಲಾಪ ಮುಗಿಯುವ ಹೊತ್ತಿಗೆ, ಕೋರ್ಟ್ ಸಂಕೀರ್ಣದಲ್ಲಿರುವ ಅವರ ಕಚೇರಿಗೆ ಹೋಗಿ ಕಾಣಿ. ಅದರಲ್ಲಿ ತಪ್ಪೇನೂ ಇಲ್ಲ. ಸಾಕ್ಷಿಗೆ ವಿಷಯ ನೆನಪಿಸಿಕೊಡುವುದು ಅವರ ಕೆಲಸದ ಭಾಗವೇ. ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದರ ನಡುವೆ ಮಾತ್ರ ಹೋಗಬೇಡಿ, ಆಗ ಅವರಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ.

ಬೇರೆ ವಕೀಲರ ವಿಷಯ. ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 18(8)ರ ಪರಂತುಕದ (ಕಲಮಿಗೆ ಸೇರಿಸಿದ ವಿಶೇಷ ವಾಕ್ಯದ) ಪ್ರಕಾರ ಸಂತ್ರಸ್ತರು ಕೋರ್ಟಿನ ಅನುಮತಿ ಪಡೆದು ಪ್ರಾಸಿಕ್ಯೂಷನ್‌ಗೆ ನೆರವಾಗಲು ತಮ್ಮ ವಕೀಲರನ್ನು ಇಡಬಹುದು. ಆ ವಕೀಲರು ಎಪಿಪಿ ಹೇಳಿದಂತೆ ನಡೆಯಬೇಕು. ಸಾಕ್ಷ್ಯ ಮುಗಿದ ಮೇಲೆ ಅನುಮತಿ ಪಡೆದು ಲಿಖಿತ ವಾದ ಸಲ್ಲಿಸಬಹುದು. ತಾವೇ ಎದ್ದು ನಿಂತು ಸಾಕ್ಷಿಯನ್ನು ಪ್ರಶ್ನಿಸುವಂತಿಲ್ಲ, ಇದನ್ನು ರೇಖಾ ಮುರಾರ್ಕಾ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹಾಗಾದರೆ ಪ್ರಯೋಜನ ಏನು? ದೊಡ್ಡ ಪ್ರಯೋಜನ ಒಂದಿದೆ. ಸಂತ್ರಸ್ತರ ಪರ ವಕೀಲರು ಹಾಜರಾಗಿದ್ದರೆ ಕಲಂ 230ರ ಪ್ರಕಾರ ಚಾರ್ಜ್‌ಶೀಟಿನ ಪ್ರತಿ ಅವರಿಗೂ ಸಿಗುತ್ತದೆ. ಮನೆಗಳ್ಳತನದ ಕೇಸಿಗೆ ದುಬಾರಿ ವಕೀಲರು ಬೇಕಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ನಿವೃತ್ತ ಹೆಡ್ ಕಾನ್‌ಸ್ಟೇಬಲ್ (ಕೋರ್ಟ್ ಡ್ಯೂಟಿ), ಭದ್ರಾವತಿ:

ಮೇಡಂ ಹೇಳಿದ್ದು ಸರಿ. ಎಪಿಪಿ ಹತ್ತಿರ ಹೋಗುವಾಗ ಕೈಯಲ್ಲಿ ಏನಿರಬೇಕು ಅನ್ನೋದನ್ನ ನಾನು ಹೇಳ್ತೀನಿ. “ನಮ್ಮದೊಂದು ಕಳ್ಳತನದ ಕೇಸು ಇತ್ತಲ್ಲ ಸಾರ್” ಅಂದರೆ ಯಾರಿಗೂ ಗೊತ್ತಾಗಲ್ಲ. ಸಮನ್ಸ್‌ನಲ್ಲಿ ಸಿ.ಸಿ. ನಂಬರ್ (ಕೋರ್ಟಿನ ಕ್ರಿಮಿನಲ್ ಕೇಸ್ ಸಂಖ್ಯೆ) ಇರುತ್ತೆ, ಎಫ್‌ಐಆರ್‌ನಲ್ಲಿ ಠಾಣೆಯ ಅಪರಾಧ ಸಂಖ್ಯೆ ಇರುತ್ತೆ. ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಠಾಣೆ, ಎಫ್‌ಐಆರ್ ಸಂಖ್ಯೆ, ವರ್ಷ ಹಾಕಿದರೆ ಕೇಸು ಬರುತ್ತೆ. ಅಲ್ಲಿ ಸಿಗೋ 16 ಅಕ್ಷರದ ಸಿಎನ್‌ಆರ್ ಸಂಖ್ಯೆ ಇಟ್ಟುಕೊಂಡರೆ ಮುಂದಿನ ತಾರೀಖು ಮನೆಯಲ್ಲೇ ನೋಡಬಹುದು.

ಪ್ರತಿ ಠಾಣೆಯಿಂದಲೂ ಕೋರ್ಟಿಗೆ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಬರ್ತಾರೆ. ದೊಡ್ಡಪೇಟೆ, ಕೋಟೆ, ಜಯನಗರ, ವಿನೋಬನಗರ, ತುಂಗಾನಗರ, ಯಾವ ಠಾಣೆಯಾದರೂ ಹಾಗೇ. ಎಪಿಪಿ ಕಚೇರಿಗೂ ಸಾಕ್ಷಿಗಳಿಗೂ ನಡುವಿನ ಕೊಂಡಿ ಅವರೇ. ಸಾಕ್ಷಿಗೆ ಮೈ ಹುಷಾರಿಲ್ಲ ಅಂದರೆ ವೈದ್ಯರ ಸರ್ಟಿಫಿಕೇಟನ್ನ ಹಿಂದಿನ ದಿನವೇ ಅವರ ಕೈಲಿ ಕೊಡಿ, ಎಪಿಪಿ ಅದನ್ನ ಕೋರ್ಟಿಗೆ ತೋರಿಸ್ತಾರೆ. ಸುಮ್ಮನೆ ಮನೆಯಲ್ಲಿ ಕೂತರೆ ಮುಂದಿನ ಸಲ ಬರೋದು ವಾರಂಟ್.

ಸಾಕ್ಷಿ ಹೇಳೋ ದಿನ ಹತ್ತೂವರೆಗೆ ಕೋರ್ಟಿಗೆ ಹೋಗಿ. ಆಧಾರ್, ಸಮನ್ಸ್ ಇಟ್ಟುಕೊಳ್ಳಿ. ಬೆಂಚ್ ಕ್ಲರ್ಕ್‌ಗೆ “ಸಾಕ್ಷಿ ಹಾಜರಿದ್ದಾರೆ” ಅಂತ ತಿಳಿಸಿ. ಇದು ಬಹಳ ಮುಖ್ಯ. ಸಾಕ್ಷಿ ಹಾಜರಿದ್ದಾಗ, ವಿಚಾರಣೆ ಮಾಡದೆ ಕೇಸು ಮುಂದಕ್ಕೆ ಹಾಕಬೇಕಾದರೆ ವಿಶೇಷ ಕಾರಣ ಬರೆಯಬೇಕು ಅಂತ ಕಾನೂನೇ ಹೇಳುತ್ತೆ. ನೀವು ಬಂದಿದ್ದು ದಾಖಲಾಗಿಲ್ಲ ಅಂದರೆ ಬಂದೂ ಬರದವರ ಲೆಕ್ಕ. ಅತ್ತೆ ವಯಸ್ಸಾದವರಾದರೆ, ಕಟಕಟೆಯಲ್ಲಿ ಕೂರಲು ಕುರ್ಚಿ ಬೇಕು ಅಂತ ಎಪಿಪಿಗೆ ಮೊದಲೇ ಹೇಳಿಡಿ. ಬಸ್ ಟಿಕೆಟ್ ಬಿಸಾಡಬೇಡಿ, ಸಾಕ್ಷಿ ಭತ್ಯೆ ಕೇಳಬಹುದು.

ಸೊರಬದಿಂದ ಒಬ್ಬರು:

ಹಿಂದಿನ ದಿನ ಎಪಿಪಿ ಹತ್ತಿರ ಹೇಳಿಕೆಯ ಪ್ರತಿ ಇಸಿದುಕೊಂಡು ಅತ್ತೆಗೆ ಬಾಯಿಪಾಠ ಮಾಡಿಸಿಬಿಡಿ. ಅಕ್ಷರ ತಪ್ಪಬಾರದು.

ವಕೀಲೆ, ಶಿವಮೊಗ್ಗ:

ಖಂಡಿತ ಬೇಡ ಸರ್. ಕೇಸು ಹಾಳಾಗುವುದೇ ಅಲ್ಲಿ. ಓದಿ ನೆನಪು ಮಾಡಿಕೊಳ್ಳುವುದು ಒಂದು, ಬಾಯಿಪಾಠ ಮಾಡುವುದು ಇನ್ನೊಂದು. ಪಾಟಿ ಸವಾಲಿನಲ್ಲಿ ಎದುರು ವಕೀಲರು ಕ್ರಮ ತಪ್ಪಿಸಿ ಕೇಳುತ್ತಾರೆ. ಮೊದಲು ಬಾಗಿಲಿನ ಬಗ್ಗೆ, ಆಮೇಲೆ ದೀಪದ ಬಗ್ಗೆ, ಮತ್ತೆ ವಾಪಸ್ ಬಾಗಿಲಿಗೆ. ಉರು ಹೊಡೆದವರು ಅಲ್ಲಿ ಮುಗ್ಗರಿಸುತ್ತಾರೆ. “ಪೊಲೀಸರು ಹೇಳಿಕೊಟ್ಟಂತೆ ಹೇಳುತ್ತಿದ್ದೀರಿ” ಅನ್ನುವ ಎದುರು ವಕೀಲರ ಮಾತಿಗೆ ಸಾಕ್ಷಿಯೇ ಬಲ ಕೊಟ್ಟಂತಾಗುತ್ತದೆ.

ಅತ್ತೆ ಎರಡು ಕಾಗದದ ವ್ಯತ್ಯಾಸ ತಿಳಿದಿದ್ದರೆ ಸಾಕು. ಒಂದು, ಅವರು ಸಹಿ ಮಾಡಿ ಕೊಟ್ಟ ದೂರು. ಅದನ್ನು ಕೋರ್ಟಿನಲ್ಲಿ ತೋರಿಸಿ ಸಹಿ ಗುರುತಿಸಲು ಹೇಳುತ್ತಾರೆ, ಅದು ಸಾಮಾನ್ಯವಾಗಿ ನಿ.ಪಿ. 1 (ಪ್ರಾಸಿಕ್ಯೂಷನ್ ಕಡೆಯ ಮೊದಲ ದಾಖಲೆ) ಆಗುತ್ತದೆ. ಇನ್ನೊಂದು, ತನಿಖಾಧಿಕಾರಿ ಬರೆದುಕೊಂಡ ಹೇಳಿಕೆ. ಅದಕ್ಕೆ ಸಹಿ ಇರುವುದಿಲ್ಲ, ಇರಲೂಬಾರದು. ಅದರಲ್ಲಿ ಇವರು ಹೇಳದೇ ಇದ್ದದ್ದು ಸೇರಿಕೊಂಡಿರಬಹುದು, ಹೇಳಿದ್ದು ಬಿಟ್ಟುಹೋಗಿರಬಹುದು. ಎಪಿಪಿ ಮುಂದೆ ಓದಿದಾಗ ಅಂಥದ್ದು ಕಂಡರೆ ಅಲ್ಲೇ ಹೇಳಬೇಕು. “ನಾನು ಅವನ ಮುಖ ನೋಡಿಲ್ಲ, ಓಡಿಹೋಗುವಾಗ ಬೆನ್ನು ಮಾತ್ರ ನೋಡಿದ್ದು” ಅನ್ನುವುದು ನಿಜವಾಗಿದ್ದರೆ ಅದು ಎಪಿಪಿಗೆ ಮೊದಲೇ ಗೊತ್ತಿರಬೇಕು. ಕಟಕಟೆಯಲ್ಲಿ ಗೊತ್ತಾದರೆ ಸಾಕ್ಷಿಯನ್ನು ಪ್ರತಿಕೂಲ ಅಂತ ಪರಿಗಣಿಸಿ ತಮ್ಮದೇ ಸಾಕ್ಷಿಗೆ ಪಾಟಿ ಸವಾಲು ಹಾಕುವ ಪರಿಸ್ಥಿತಿ ಅವರಿಗೆ ಬರುತ್ತದೆ. ಮೊದಲೇ ತಿಳಿದಿದ್ದರೆ ಗುರುತಿನ ಭಾರವನ್ನು ಸಿಸಿಟಿವಿ ಮೇಲೆ, ಒಡವೆ ಸಿಕ್ಕ ಮಹಜರಿನ ಮೇಲೆ ಹಾಕಿ ಕೇಸು ಕಟ್ಟುತ್ತಾರೆ.

ಉತ್ತರ ಗೊತ್ತಿದ್ದರೆ ಚಿಕ್ಕದಾಗಿ ಹೇಳಲಿ. ಮರೆತಿದ್ದರೆ “ನೆನಪಿಲ್ಲ”, ತಿಳಿಯದಿದ್ದರೆ “ಗೊತ್ತಿಲ್ಲ”. “ಆರೋಪಿಗೂ ಒಡವೆಗೂ ಸಂಬಂಧವಿಲ್ಲ ಎಂದರೆ ಸರಿಯೇ?” ಎಂಬಂಥ ಪ್ರಶ್ನೆಗೆ ತಲೆಯಾಡಿಸುವಂತಿಲ್ಲ, “ಸರಿಯಲ್ಲ” ಅಂತ ಬಾಯಿಬಿಟ್ಟು ಹೇಳಬೇಕು. ಸಾಕ್ಷ್ಯ ಟೈಪಾದ ಮೇಲೆ ಓದಿ ಹೇಳುತ್ತಾರೆ. ತಾರೀಖೋ ಹೆಸರೋ ತಪ್ಪಾಗಿದ್ದರೆ ಸಹಿಗೆ ಮುಂಚೆಯೇ ಹೇಳಿ.

ಕಾನೂನು ಸೇವೆಯ ಅರೆಕಾಲಿಕ ಸ್ವಯಂಸೇವಕ, ಸಾಗರ:

ಒಡವೆ ವಿಷಯ ನಾನು ಬರೀತೀನಿ. ಕೇಸು ಮುಗಿಯೋವರೆಗೂ ಕಾಯಬೇಕಿಲ್ಲ ಮಾರಾಯ್ರೆ. ಮುದ್ದೆಮಾಲನ್ನು (ಕೇಸಿನಲ್ಲಿ ಜಪ್ತಿಯಾದ ವಸ್ತುವನ್ನು) ಮಧ್ಯಂತರವಾಗಿ ವಶಕ್ಕೆ ಕೊಡಿ ಅಂತ ಬಿಎನ್‌ಎಸ್‌ಎಸ್ ಕಲಂ 497 ಅಥವಾ 503ರ ಅಡಿ ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ಬೆಲೆಬಾಳುವ ವಸ್ತುಗಳನ್ನು ಫೋಟೊ ತೆಗೆದು, ಬಾಂಡ್ ಬರೆಸಿಕೊಂಡು ಬೇಗ ವಾಪಸ್ ಕೊಡಬೇಕು ಅಂತ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಅರ್ಜಿ ಬಂದ ಕೂಡಲೇ ಕೋರ್ಟ್ ಎಪಿಪಿಯ ತಕರಾರು ಕೇಳುತ್ತದೆ. ತಡ ಆಗೋದು ಇಲ್ಲೇ. ಎಪಿಪಿ ಠಾಣೆಯಿಂದ ವರದಿ ಕೇಳುತ್ತಾರೆ, ಠಾಣೆಯವರು ಬಂದೋಬಸ್ತಿನಲ್ಲಿರುತ್ತಾರೆ, ತಾರೀಖು ಹೋಗುತ್ತದೆ. ಅರ್ಜಿಯ ಪ್ರತಿಯನ್ನು ಎಪಿಪಿ ಕಚೇರಿಗೂ ಠಾಣೆಗೂ ಒಂದೇ ದಿನ ಕೊಟ್ಟು, ಒಡೆತನದ ದಾಖಲೆ ಜೊತೆಗಿಟ್ಟರೆ “ಷರತ್ತಿನ ಮೇಲೆ ಕೊಡಲು ತಕರಾರಿಲ್ಲ” ಅಂತ ಬರೆಯಲು ಅವರಿಗೂ ಸುಲಭ.

ಬಿಲ್ಲಿಲ್ಲದ ಹಳೇ ಬಂಗಾರ ಆದರೆ? ಸಹಕಾರ ಸಂಘದಲ್ಲೋ ಬ್ಯಾಂಕಿನಲ್ಲೋ ಹಿಂದೆ ಅಡವಿಟ್ಟ ರಸೀದಿ ಇದ್ದರೆ ಅದೇ ಒಳ್ಳೆಯ ದಾಖಲೆ, ಒಟ್ಟು ತೂಕ, ನಿವ್ವಳ ತೂಕ ಎರಡೂ ಅದರಲ್ಲಿರುತ್ತದೆ. ಮದುವೆ ಆಲ್ಬಮ್ಮಿನಲ್ಲಿ ಆ ಸರ ಕಾಣುವ ಫೋಟೊ ಕೂಡ ಆಗುತ್ತದೆ. ತೂಕದ ಬಗ್ಗೆ ಇನ್ನೊಂದು ಮಾತು. ಮಹಜರಿನಲ್ಲಿ ಕಲ್ಲು, ಮಣಿ ಸಮೇತ ತೂಗಿ 32 ಗ್ರಾಂ ಅಂತ ಬರೆದಿರುತ್ತಾರೆ ಅಂದುಕೊಳ್ಳಿ, ಬಿಲ್ಲಿನಲ್ಲಿ ಬಂಗಾರದ ತೂಕ ಮಾತ್ರ 28 ಗ್ರಾಂ ಇರುತ್ತದೆ. ಇದು ಬೇರೆಯೇ ಸರ ಅಂತ ಎದುರು ವಕೀಲರು ವಾದಿಸಲು ಅಷ್ಟು ಸಾಕು. ಈ ಲೆಕ್ಕವನ್ನು ಎಪಿಪಿಗೆ ಬಿಲ್ಲು ತೋರಿಸಿ ಹೇಳಿ, ಮುಖ್ಯ ವಿಚಾರಣೆಯಲ್ಲೇ (ಪಾಟಿ ಸವಾಲಿಗೆ ಮುಂಚೆ ಎಪಿಪಿ ಪ್ರಶ್ನೆ ಕೇಳುವಾಗ) ಅವರು ಕೇಳಿ ದಾಖಲಿಸುತ್ತಾರೆ.

ವಾಪಸ್ ಬಂದ ಮೇಲೆ ಮಾರುವುದು, ಕರಗಿಸುವುದು ಬೇಡವೇ ಬೇಡ. ಕೊಂಡಿ ಬದಲಾಯಿಸಬೇಡಿ, ಪಾಲಿಶ್ ಕೂಡ ಮಾಡಿಸಬೇಡಿ. ಗುರುತಿಸಲು ಕೋರ್ಟಿಗೆ ತರಲು ಹೇಳಿದರೆ ಮಹಜರಿನ ವಿವರಕ್ಕೆ ಹೊಂದಬೇಕು. ತೀರ್ಪು ಬಂದ ದಿನ, ಮಧ್ಯಂತರ ವಶವನ್ನು ಖಾಯಂ ಮಾಡಿದ ಸಾಲು ಅದರಲ್ಲಿ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಬಾಂಡ್ ಹಾಗೇ ತಲೆ ಮೇಲಿರುತ್ತದೆ.

ಸಿಸಿಟಿವಿ ಅಳವಡಿಸುವವರು, ವಿನೋಬನಗರ:

ಅಂಗಡಿಯವರಿಗೆ ಹೇಳಿ: ಪೆನ್‌ಡ್ರೈವ್‌ಗೆ ಹಾಕಿಕೊಟ್ಟಿದ್ದರೆ ಹೊಸ ಸಾಕ್ಷ್ಯ ಅಧಿನಿಯಮದ (2023) ಕಲಂ 63ರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. ಮೊದಲನೆಯದನ್ನು ಡಿವಿಆರ್ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆ) ನೋಡಿಕೊಳ್ಳುವವರು, ಎರಡನೆಯದನ್ನು ತಜ್ಞರು ತುಂಬಬೇಕು. ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲು ತಿದ್ದಿಲ್ಲ ಅಂತ ತೋರಿಸುವ ಗುರುತು ಸಂಖ್ಯೆ), ಯಾವ ವಿಧಾನದಲ್ಲಿ ತೆಗೆದದ್ದು ಅನ್ನುವುದನ್ನೂ (ಎಸ್‌ಎಚ್‌ಎ-256 ಇತ್ಯಾದಿ) ಬರೆಯಬೇಕು. ಪ್ರಮಾಣಪತ್ರ ಬಿಟ್ಟುಹೋಗಿದ್ದರೆ ಈಗಲೇ ಎಪಿಪಿ ಗಮನಕ್ಕೆ ತನ್ನಿ. ವಿಚಾರಣೆ ನಡೆಯುತ್ತಿರುವಾಗಲೂ ಕೋರ್ಟಿನ ಅನುಮತಿಯಿಂದ ಹಾಜರುಪಡಿಸಲು ದಾರಿ ಇದೆ.

ನಮ್ಮ ಕಡೆಯ ತೊಂದರೆ ಗಡಿಯಾರ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ, ಡಿವಿಆರ್ ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ ಸಮಯ, ತಾರೀಖು ಎರಡೂ ಹಿಂದಕ್ಕೆ ಹೋಗುತ್ತೆ. ದೃಶ್ಯದ ಮೇಲೆ ಬೇರೆ ತಾರೀಖು ಕಂಡರೆ ಅಷ್ಟೂ ಸಾಕ್ಷ್ಯದ ಮೇಲೆ ಅನುಮಾನ ಬರುತ್ತೆ. ದೃಶ್ಯ ತೆಗೆದುಕೊಳ್ಳುವಾಗಲೇ ನಿಜವಾದ ಸಮಯಕ್ಕೂ ಡಿವಿಆರ್ ಸಮಯಕ್ಕೂ ಎಷ್ಟು ವ್ಯತ್ಯಾಸ ಅಂತ ಮಹಜರಿನಲ್ಲಿ ಬರೆಸಬೇಕಿತ್ತು. ಬರೆಸಿಲ್ಲ ಅಂದರೆ ಅಂಗಡಿಯವರು ಸಾಕ್ಷಿ ಹೇಳುವಾಗ ಅದನ್ನ ವಿವರಿಸೋ ಹಾಗೆ ಎಪಿಪಿ ಕೇಳಬೇಕು, ಅದಕ್ಕೆ ಅವರಿಗೆ ಮೊದಲೇ ಗೊತ್ತಿರಬೇಕು.

ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಭದ್ರಾವತಿ:

ಪಂಚರ, ಅಂದರೆ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದವರ ಬಗ್ಗೆ ಯಾರೂ ಬರೆದಿಲ್ಲ. ಪಕ್ಕದ ಮನೆಯವರು ಯಾವ ಮಹಜರಿಗೆ ಸಹಿ ಹಾಕಿದ್ದು? ಮನೆಯಲ್ಲಿ ನಡೆದ ಸ್ಥಳ ಮಹಜರೋ, ಒಡವೆ ಸಿಕ್ಕ ಜಾಗದ ಮಹಜರೋ? ಎರಡನೆಯದಾದರೆ ಕೇಸಿನ ಜೀವ ಅದರಲ್ಲೇ ಇದೆ. ಆರೋಪಿ ತೋರಿಸಿದ, ಅಲ್ಲಿಂದ ತೆಗೆದರು, ಅಲ್ಲೇ ತೂಗಿದರು, ಅಲ್ಲೇ ಬರೆದರು, ಅಲ್ಲೇ ಸಹಿ ಹಾಕಿದೆವು, ಈ ಸರಪಳಿ ಎಲ್ಲೂ ಕಡಿಯಬಾರದು. ಈಗ ಜಪ್ತಿಯನ್ನ ವಿಡಿಯೊ ಮಾಡಲೇಬೇಕು ಅಂತ ಬಿಎನ್‌ಎಸ್‌ಎಸ್ ಕಲಂ 105 ಹೇಳುತ್ತೆ, ಆ ವಿಡಿಯೊ ಕಡತದಲ್ಲಿದೆಯಾ ಅಂತ ಎಪಿಪಿಯವರನ್ನ ಕೇಳಿ. ಠಾಣೆಯಲ್ಲಿ ಕೂತು ಸಹಿ ಹಾಕಿದ್ದೇ ನಿಜವಾದರೆ ಕೋರ್ಟಲ್ಲಿ ಹಾಗೇ ಹೇಳಬೇಕಾಗುತ್ತೆ, ಸುಳ್ಳು ಹೇಳೋಕೆ ಯಾರೂ ಒತ್ತಾಯ ಮಾಡೋ ಹಾಗಿಲ್ಲ. ಗೋಪಾಳದ ಉಳಿದವರಿಗೂ ಇದೇ ಮಾತು: ಸ್ಥಳಕ್ಕೆ ಹೋಗದೆ, ಓದದೆ, ಯಾವ ಮಹಜರಿಗೂ ಸಹಿ ಹಾಕಬೇಡಿ.

ವಕೀಲೆ, ಶಿವಮೊಗ್ಗ:

ರಾಜಿ ಪ್ರಶ್ನೆ ಉಳಿದಿದೆ. ರಾತ್ರಿ ಬೀಗ ಒಡೆದು ಮನೆಗೆ ನುಗ್ಗಿ ಮಾಡಿದ ಕಳ್ಳತನಕ್ಕೆ ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) ಕಲಂ 331(4) ಮತ್ತು 305 ಹಾಕಿರುತ್ತಾರೆ. ಎರಡೂ ರಾಜಿಯಾಗುವ ಅಪರಾಧಗಳ ಪಟ್ಟಿಯಲ್ಲಿಲ್ಲ. ಅತ್ತೆ ಒಪ್ಪಿದರೂ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ರಾಜಿ ದಾಖಲಾಗುವುದಿಲ್ಲ. “ರಾಜಿ ಮಾಡ್ಕೊಳ್ಳಿ” ಅಂದರೆ ಇಲ್ಲಿ “ಸುಳ್ಳು ಸಾಕ್ಷಿ ಹೇಳಿ” ಅಂತಲೇ. ಅದು ನಿಮ್ಮ ಅತ್ತೆಗೇ ಅಪಾಯ.

ಮಾತು ಬೆದರಿಕೆಗೆ ತಿರುಗಿದರೆ ತಡ ಮಾಡಬೇಡಿ. ಸುಳ್ಳು ಸಾಕ್ಷ್ಯ ಹೇಳಿಸಲು ಬೆದರಿಸುವುದೇ ಬಿಎನ್‌ಎಸ್ ಕಲಂ 232ರ ಅಡಿ ಪ್ರತ್ಯೇಕ ಅಪರಾಧ. ಯಾರು, ಯಾವ ದಿನ, ಎಷ್ಟು ಹೊತ್ತಿಗೆ ಬಂದರು, ಏನಂದರು ಅಂತ ಬರೆದು ಠಾಣೆಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಅದರ ಪ್ರತಿ ಎಪಿಪಿಗೆ ಕೊಡಿ. ಆರೋಪಿ ಜಾಮೀನಿನಲ್ಲಿದ್ದರೆ ಸಾಕ್ಷಿಗಳ ತಂಟೆಗೆ ಹೋಗಬಾರದು ಅನ್ನುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಷರತ್ತು ಮುರಿದಿದ್ದಕ್ಕೆ ಜಾಮೀನು ರದ್ದು ಕೋರಲು ಎಪಿಪಿಗೆ ಆ ಕಾಗದವೇ ಆಧಾರ. ಭಯ ಹೆಚ್ಚಿದ್ದರೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಲ್ಲಿ ಅರ್ಜಿ ಹಾಕಬಹುದು. ಆ ಯೋಜನೆಯಂತೆ ಜಿಲ್ಲಾ ನ್ಯಾಯಾಧೀಶರು ಸಮಿತಿಯ ಅಧ್ಯಕ್ಷರು, ಜಿಲ್ಲಾ ಅಭಿಯೋಜನೆಯ ಮುಖ್ಯಸ್ಥರು ಸದಸ್ಯ ಕಾರ್ಯದರ್ಶಿ, ಅರ್ಜಿ ಕೊಡಬೇಕಾದದ್ದು ಅವರ ಮೂಲಕ. ಪೊಲೀಸರು ಬೆದರಿಕೆಯ ವರದಿಯನ್ನು 5 ಕೆಲಸದ ದಿನಗಳಲ್ಲಿ ಕೊಡಬೇಕು.

ಒಂದು ವೇಳೆ ಆರೋಪಿ ಖುಲಾಸೆಯಾದರೆ, ಸರ್ಕಾರ ಮೇಲ್ಮನವಿ ಹಾಕುತ್ತದೋ ಇಲ್ಲವೋ ಅಂತ ಕಾದು ಕೂರಬೇಡಿ. ಸರ್ಕಾರದ ಮೇಲ್ಮನವಿಗೆ ಎಪಿಪಿ ಅಭಿಪ್ರಾಯ ಬರೆದು ಮೇಲಕ್ಕೆ ಕಳಿಸಬೇಕು, ತೀರ್ಮಾನ ಅವರ ಕೈಯಲ್ಲಿಲ್ಲ. ಸಂತ್ರಸ್ತರಿಗೆ ಬಿಎನ್‌ಎಸ್‌ಎಸ್ ಕಲಂ 413ರ ಪರಂತುಕದಲ್ಲಿ ಸ್ವಂತ ಹಕ್ಕಿದೆ, ಅದಕ್ಕೆ ಮುಂಚಿತ ಅನುಮತಿ ಬೇಕಿಲ್ಲ ಅಂತ 2018ರಲ್ಲಿ ನಮ್ಮ ರಾಜ್ಯದ್ದೇ ಆದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೀರ್ಪಿನ ದಿನವೇ ನಕಲು ಶಾಖೆಯಲ್ಲಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿಬಿಡಿ.