‘ವಿಂಡೋ ಪೀರಿಯಡ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕೊಪ್ಪಳ ಜಿಲ್ಲೆಯ ಜೋಡಿಗಳಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಮದುವೆ ಗೊತ್ತಾದವರು, ಹೊಸದಾಗಿ ಮದುವೆಯಾದವರು, ಗುಳೆ ಹೋಗಿ ತಿಂಗಳುಗಟ್ಟಲೆ ದೂರ ಇದ್ದು ಮತ್ತೆ ಒಂದಾಗುವ ಗಂಡ ಹೆಂಡತಿ, ಎಲ್ಲರೂ ಓದಬೇಕು. ‘ಇನ್ನು ಕಾಂಡೋಮ್ ಬೇಡ’ ಅಂತ ಇಬ್ಬರೂ ತೀರ್ಮಾನ ಮಾಡುವ ಮೊದಲು ಯಾವ ಟೆಸ್ಟ್ ಮಾಡಿಸಬೇಕು, ಎಷ್ಟು ದಿನ ಕಾಯಬೇಕು ಅನ್ನೋದು ವಿಷಯ. ‘ವಿಂಡೋ ಪೀರಿಯಡ್’ ಅನ್ನುವ ಪದದ ಹತ್ತಿರ ಬರವಣಿಗೆ ನಿಂತುಬಿಟ್ಟಿದೆ.

ಸೋಂಕು ಮೈಗೆ ಸೇರಿದ ದಿನಕ್ಕೂ ಅದು ಟೆಸ್ಟಿನಲ್ಲಿ ಕಾಣುವ ದಿನಕ್ಕೂ ನಡುವಿನ ಕಾಲ ಇದು. ಬೆರಳಿಗೆ ಚುಚ್ಚಿ ಮಾಡುವ ಎಚ್‌ಐವಿ ರಾಪಿಡ್ ಟೆಸ್ಟ್ ಸಾಮಾನ್ಯವಾಗಿ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯಗಳನ್ನು. ಅವು ಟೆಸ್ಟಿಗೆ ಸಿಗುವಷ್ಟು ಆಗಲು ಕೆಲವರಿಗೆ 3 ವಾರ ಸಾಕು, ಕೆಲವರಿಗೆ 3 ತಿಂಗಳವರೆಗೂ ಹಿಡಿಯುತ್ತದೆ. ಲ್ಯಾಬಿನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಟೆಸ್ಟ್ ವೈರಸ್ಸಿನ ಒಂದು ಭಾಗವನ್ನೂ ಹುಡುಕುತ್ತದೆ. ಹಾಗಾಗಿ ಅದರ ಉತ್ತರವನ್ನು 45 ದಿನಕ್ಕೆ ನಂಬಬಹುದು. ಅಲ್ಲಿಯವರೆಗೆ ರಿಪೋರ್ಟ್ ನೆಗೆಟಿವ್ ಅಂದರೂ ಸೋಂಕು ಸಂಗಾತಿಗೆ ದಾಟಬಹುದು. ಶುರುವಿನ ವಾರಗಳಲ್ಲಿ ರಕ್ತದಲ್ಲಿ ವೈರಸ್ ತುಂಬಾ ಜಾಸ್ತಿ ಇರುವುದರಿಂದ ದಾಟುವ ಸಾಧ್ಯತೆ ಆಗಲೇ ಹೆಚ್ಚು.

ಇದಕ್ಕೆ ‘ಗವಾಕ್ಷಿ ಅವಧಿ’ ಅನ್ನುವ ಅನುವಾದ ನೋಡಿದ್ದೇನೆ. ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಕಡೆ ಮಾಳಿಗೆ ಮನೆಯಲ್ಲಿ ಗವಾಕ್ಷಿ ಅಂದರೆ ಬೆಳಕಿಂಡಿ, ಕತ್ತಲ ಕೋಣೆಗೆ ಬೆಳಕು ಬಿಡುವ ಕಿಂಡಿ. ಇಲ್ಲಿ ಹೇಳಬೇಕಿರುವುದು ಇದ್ದದ್ದೂ ಕಾಣದ ದಿನಗಳ ಬಗ್ಗೆ. ಅರ್ಥ ಪೂರಾ ಉಲ್ಟಾ ಆಗುತ್ತದೆ, ಅಲ್ವಾ? ‘ಕಾಯುವ ಅವಧಿ’ ಅಂದರೆ ಏನು ಮಾಡಬೇಕು ಅನ್ನೋದು ತಿಳಿಯುತ್ತದೆ, ಯಾಕೆ ಅನ್ನೋದು ತಿಳಿಯುವುದಿಲ್ಲ. ‘ಟೆಸ್ಟಿಗೆ ಸಿಗದ ದಿನಗಳು’ ಉದ್ದ ಆಯಿತು ಅನ್ನಬಹುದು. ಆದರೆ ಓದು ಬಾರದವರಿಗೆ ಓದಿ ಹೇಳಿದರೂ ಅರ್ಥವಾಗುತ್ತದೆ. ನನ್ನ ಮನಸ್ಸು ಅದರ ಕಡೆಗೇ ಇದೆ.

ಇನ್ನೊಂದು ತೊಡಕು, ಈ ದಿನಗಳನ್ನು ಎಲ್ಲಿಂದ ಎಣಿಸಬೇಕು ಅನ್ನೋದು. ಮದುವೆಯ ದಿನದಿಂದಲ್ಲ, ಟೆಸ್ಟ್ ಮಾಡಿಸಿದ ದಿನದಿಂದಲೂ ಅಲ್ಲ. ಸೋಂಕು ತಗಲಿರಬಹುದಾದ ಕೊನೆಯ ಸಂದರ್ಭದಿಂದ. ನಡುವೆ ಮತ್ತೆ ಅಂಥದ್ದಾದರೆ ಎಣಿಕೆ ಮೊದಲಿನಿಂದ ಶುರು. ಇದನ್ನು ಪದದೊಳಗೆ ತರಲು ಆಗಲಿಕ್ಕಿಲ್ಲ. ಪಕ್ಕದಲ್ಲೇ ಒಂದು ವಾಕ್ಯ ಬರೆಯುತ್ತೇನೆ.

‘ನೆಗೆಟಿವ್’ ಅಂದರೆ ಏನೋ ಕೆಟ್ಟದ್ದು ಅಂದುಕೊಳ್ಳುವವರು ಇದ್ದಾರೆ. ಅದಕ್ಕೆ ‘ಸೋಂಕು ಇಲ್ಲ’ ಅಂತ ಬರೆಯಲು ಹೊರಟೆ. ಆದರೆ ಟೆಸ್ಟ್ ಹೇಳುವುದು ಅಷ್ಟನ್ನಲ್ಲ. ‘ಸೋಂಕು ಕಂಡಿಲ್ಲ’ ಅನ್ನುವುದೇ ಸರಿ. ಟೆಸ್ಟಿಗೆ ಸಿಗದ ದಿನಗಳು ಕಳೆದ ಮೇಲೆ ಮತ್ತೊಮ್ಮೆ ಮಾಡಿಸಿ, ಇಬ್ಬರಿಗೂ ಕಾಣದಿದ್ದರೆ, ಆಗ ‘ಇಲ್ಲ’ ಅನ್ನಬಹುದು. ಈ ಎರಡು ಮಾತಿನ ವ್ಯತ್ಯಾಸ ದಯವಿಟ್ಟು ಸಣ್ಣದು ಅಂದುಕೊಳ್ಳಬೇಡಿ.

‘ಅಸುರಕ್ಷಿತ ಲೈಂಗಿಕ ಸಂಪರ್ಕ’ ಅನ್ನುವುದನ್ನೂ ಬಿಡಬೇಕು ಅಂತಿದ್ದೇನೆ. ಇಬ್ಬರೂ ಸರಿಯಾದ ಹೊತ್ತಿಗೆ ಟೆಸ್ಟ್ ಮಾಡಿಸಿ, ಒಬ್ಬರಿಗೊಬ್ಬರು ಮಾತ್ರ ಇದ್ದು, ಕಾಂಡೋಮ್ ಬಿಟ್ಟರೆ ಅವರನ್ನೂ ‘ಅಸುರಕ್ಷಿತ’ ಅಂತ ಬೈದ ಹಾಗಾಗುತ್ತದೆ. ‘ರಕ್ಷಣೆ ಇಲ್ಲದೆ’ ಅಂದರೆ ಬೇರೆ ಗೊಂದಲ. ‘ವಂಕಿ (ಕಾಪರ್ ಟಿ) ಹಾಕಿಸಿದ್ದೀನಿ’, ‘ಆಪರೇಷನ್ ಆಗಿದೆ’, ‘ಗುಳಿಗೆ ತಗೋತೀನಿ’ ಅನ್ನುವವರು ತಮಗೆ ರಕ್ಷಣೆ ಇದೆ ಅಂತಲೇ ತಿಳಿಯುತ್ತಾರೆ. ಅವೆಲ್ಲ ಬಸಿರು ತಡೆಯಲು. ಒಂದು ಸೋಂಕನ್ನೂ ತಡೆಯುವುದಿಲ್ಲ. ಹಾಗಾಗಿ ‘ಕಾಂಡೋಮ್ ಇಲ್ಲದೆ ಸೇರುವುದು’ ಅಂತ ನೇರವಾಗಿ ಬರೆದಿದ್ದೇನೆ. ‘ಕೂಡುವುದು’ ಬೇಡ ಅನ್ನಿಸಿತು. ಇಲ್ಲಿ ‘ಬರ್ರಿ, ಕೂಡ್ರಿ’ ಅಂತ ಬಂದವರನ್ನು ಕೂರಿಸುವ ಮಾತು ಅದು.

‘ರಕ್ತ ಪರೀಕ್ಷೆ’ ಅನ್ನುವ ಪದವೂ ಸಾಲದು. ‘ರಕ್ತ ಚೆಕ್ ಮಾಡಿಸಿದ್ದೀವಿ, ಎಲ್ಲ ಸರಿ ಇದೆ’ ಅನ್ನುತ್ತಾರೆ. ಸುಮ್ನೆ ರಕ್ತ ಕೊಟ್ಟರೆ ಎಚ್‌ಐವಿ ನೋಡಿರುತ್ತಾರೆ ಅಂತ ಅರ್ಥವಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಅದಕ್ಕೆ ನಮ್ಮ ಒಪ್ಪಿಗೆ ಬೇಕು, ಫಲಿತಾಂಶವನ್ನೂ ಗುಟ್ಟಾಗಿ ಇಡಬೇಕು. ಸೇರುವುದರಿಂದ ದಾಟುವ ಬೇರೆ ಸೋಂಕುಗಳಲ್ಲಿ ಸಿಫಿಲಿಸ್, ಹೆಪಟೈಟಿಸ್ ಬಿ ರಕ್ತದಲ್ಲಿ ಗೊತ್ತಾಗುತ್ತವೆ. ಹೆಪಟೈಟಿಸ್ ಬಿಗೆ ಲಸಿಕೆಯೂ ಇದೆ. ಗೊನೊರಿಯಾ, ಕ್ಲಮೈಡಿಯಾ ಪತ್ತೆಗೆ ಮೂತ್ರ ಅಥವಾ ಸ್ವಾಬ್ ಬೇಕು. ಹೆಂಗಸರಲ್ಲಿ ಇವು ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರದೆ ಒಳಗೇ ಇದ್ದು, ಮುಂದೆ ಮಕ್ಕಳಾಗದಂತೆ ಮಾಡಬಹುದು. ಲಕ್ಷಣ ಕಂಡರೂ ಉರಿಮೂತ್ರಕ್ಕೆ ‘ಉಷ್ಣ ಆಗೈತಿ’ ಅಂತ ಮಜ್ಜಿಗೆ ಕುಡಿದು ಸುಮ್ಮನಾಗುತ್ತಾರೆ. ‘ಉಷ್ಣ’ ಅನ್ನುವ ಆ ಮಾತನ್ನೇ ಕರಪತ್ರದಲ್ಲಿ ಹಾಕಿ, ‘ದವಾಖಾನೆಗೆ ತೋರಿಸಿ’ ಅಂತ ಸೇರಿಸುತ್ತೇನೆ. ‘ಗುಪ್ತರೋಗ’ ಮಾತ್ರ ಬಳಸುವುದಿಲ್ಲ. ಆ ಪದವೇ ಜನರನ್ನು ಬಾಯಿ ಮುಚ್ಚಿಸಿದೆ.

ಕರಡಿನ ಮುಖ್ಯ ಭಾಗ ಇಷ್ಟು:

‘ಕಾಂಡೋಮ್ ಇಲ್ಲದೆ ಸೇರುವ ಯೋಚನೆ ಇದ್ದರೆ ಇಬ್ಬರೂ ಜೊತೆಗೆ ಹೋಗಿ ಟೆಸ್ಟ್ ಮಾಡಿಸಿ. ಸರ್ಕಾರಿ ದವಾಖಾನೆಯ ಐಸಿಟಿಸಿಯಲ್ಲಿ (ಆಪ್ತಸಮಾಲೋಚನೆ ಮತ್ತು ಟೆಸ್ಟ್ ಕೇಂದ್ರ) ಎಚ್‌ಐವಿ ಟೆಸ್ಟ್ ಉಚಿತ. ಸೋಂಕು ಕಂಡಿಲ್ಲ ಅಂದರೂ ಟೆಸ್ಟಿಗೆ ಸಿಗದ ದಿನಗಳು ಮುಗಿದು, ಮತ್ತೊಮ್ಮೆ ಟೆಸ್ಟ್ ಮಾಡಿಸಿ, ಇಬ್ಬರಿಗೂ ಕಂಡಿಲ್ಲ ಅಂತ ಗೊತ್ತಾಗುವವರೆಗೆ ಕಾಂಡೋಮ್ ಬಿಡಬೇಡಿ. ಸೋಂಕು ಕಂಡರೆ ಚಿಕಿತ್ಸೆ ಇದೆ. ಪ್ರಶ್ನೆ ಇದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ.’

ರಾಯಚೂರು, ಬಳ್ಳಾರಿ ಕಡೆಯ ಆಶಾ ಕಾರ್ಯಕರ್ತೆಯರು, ಆಪ್ತಸಮಾಲೋಚಕರು ಬಾಯಿಮಾತಿನಲ್ಲಿ ಈ ದಿನಗಳಿಗೆ ಏನನ್ನುತ್ತಾರೆ? ಬಳಕೆಯಲ್ಲಿ ಇನ್ನೂ ಒಳ್ಳೆಯ ಮಾತಿದ್ದರೆ ತಿಳಿಸಿ. ‘ಸಿಗದ’ ಬದಲು ‘ಕಾಣದ’ ಹಾಕಿದರೆ ಇನ್ನೂ ಸಲೀಸಾಗುತ್ತದೆಯೇ ಅನ್ನೋದನ್ನೂ ಹೇಳಿ.