ಮಫ್ತಿಗೂ ಮುಫತ್ತಿಗೂ ನಂಟಿಲ್ಲ

(ಕೋಲಾರದ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು)

ಮಾಲೂರು: ಫಾರ್ವರ್ಡ್ ಆಗಿ ಬಂದ ಈ ಬರಹವನ್ನು ಎಲ್ಲರೂ ಓದಿ. ಸ್ವಂತ ಬಟ್ಟೆ ತೊಟ್ಟು ಕೆಲಸ ಮಾಡುವ ಪೊಲೀಸರನ್ನು ‘ಮಫ್ತಿಯಲ್ಲಿದ್ದಾರೆ’ ಎನ್ನುತ್ತೇವಲ್ಲ, ಆ ಮಾತು ‘ಮುಫತ್ತು’ ಎಂಬುದರಿಂದ ಹುಟ್ಟಿತಂತೆ. ಬಿಟ್ಟಿಯಾಗಿ ಸಿಕ್ಕ ಬಟ್ಟೆಯೇ ಮಫ್ತಿಯಂತೆ.

ಬಂಗಾರಪೇಟೆ: ದಯವಿಟ್ಟು ಇದನ್ನು ಇನ್ನೊಂದು ಗುಂಪಿಗೆ ಕಳುಹಿಸಬೇಡಿ. ಇಲಾಖೆಯ ಲೆಕ್ಕದಲ್ಲಿ ಬರುವುದು ಖಾಕಿ. ಮಫ್ತಿಗೆ ತೊಡುವುದು ಸ್ವಂತ ಬಟ್ಟೆ. ಬಿಟ್ಟಿ ಬಟ್ಟೆಗೆ ಆ ಹೆಸರು ಬಂದಿದ್ದರೆ ಖಾಕಿಯನ್ನೇ ಮಫ್ತಿ ಎನ್ನಬೇಕಾಗಿತ್ತು.

ಮಾಲೂರು: ಹಾಗಾದರೆ ಎರಡು ಮಾತೂ ಒಂದೇ ಥರ ಕೇಳಿಸುವುದೇಕೆ?

ಮುಳಬಾಗಿಲು: ಕೇಳಿಸುವುದಷ್ಟೇ ಅಲ್ಲ, ನಮ್ಮ ಮನೆಯ ಉರ್ದುವಿನಲ್ಲಿ ಬರೆದರೂ ಎರಡಕ್ಕೂ ಕೊನೆಯ ಒಂದಕ್ಷರದ ವ್ಯತ್ಯಾಸವಷ್ಟೇ. ಆದರೆ ಮುಫತ್ತಿನ ಮೂಲವಾದ ‘ಮುಫ್ತ್’ ಪಾರಸಿ, ಮಫ್ತಿಯ ಮೂಲವಾದ ‘ಮುಫ್ತಿ’ ಅರಬ್ಬಿ. ಧರ್ಮಶಾಸ್ತ್ರದ ಪ್ರಶ್ನೆಗೆ ಫತ್ವಾ ಕೊಡುವ ವಿದ್ವಾಂಸರು ಮುಫ್ತಿ. ಫತ್ವಾ, ಮುಫ್ತಿ ಎರಡೂ ಒಂದೇ ಧಾತುವಿನವು.

ಮಾಲೂರು: ವಿದ್ವಾಂಸರಿಗೂ ಪೊಲೀಸರ ಅಂಗಿಗೂ ಏನು ಸಂಬಂಧ?

ಬಂಗಾರಪೇಟೆ: ನಡುವೆ ಬ್ರಿಟಿಷ್ ಸೇನೆಯಿದೆ. 19ನೇ ಶತಮಾನದ ಆರಂಭದಲ್ಲಿ ಅಲ್ಲಿನ ಅಧಿಕಾರಿಗಳು, ಸಮವಸ್ತ್ರ ಕಳಚಿದ ಮೇಲೆ ತೊಡುತ್ತಿದ್ದ ಉಡುಪನ್ನು ಸಲಿಗೆಯ ಮಾತಿನಲ್ಲಿ ‘ಮುಫ್ತಿ’ ಎಂದು ಕರೆದರು. ಬಿಡುವಿನ ವೇಳೆಯ ಅವರ ನಿಲುವಂಗಿ, ಚಪ್ಪಲಿ, ಕುಚ್ಚಿನ ಟೋಪಿ ಅಂದಿನ ನಾಟಕಗಳ ಮುಫ್ತಿ ವೇಷದಂತೆ ಕಂಡದ್ದರಿಂದ ಆ ಹೆಸರು ಬಂದಿರಬಹುದು ಎಂಬುದು ನಿಘಂಟುಕಾರರ ಊಹೆ. ಅವರಿಗೆ ಅದು ಬಿಡುವಿನ ಬಟ್ಟೆ. ಕನ್ನಡಕ್ಕೆ ಬಂದ ಮೇಲೆ ಅದರ ಅರ್ಥವೇ ತಿರುಗಿತು, ನನಗೆ ಮುಖ್ಯವೆನಿಸುವುದು ಇದು. ನನ್ನ ತಂದೆ ಪೇದೆಯಾಗಿದ್ದರು. ಠಾಣೆಯಿಂದ ಬಂದು, ಖಾಕಿಯನ್ನು ಗೂಟಕ್ಕೆ ಸಿಕ್ಕಿಸಿ, ಪಂಚೆ ಸುತ್ತಿಕೊಂಡು ಮುದ್ದೆಗೆ ಕೂತಾಗ ನಮ್ಮ ಮನೆಯಲ್ಲಿ ಯಾರೂ ಅದನ್ನು ಮಫ್ತಿ ಎನ್ನುತ್ತಿರಲಿಲ್ಲ. ಅದೇ ಪಂಚೆಯುಟ್ಟು, ಹೆಗಲಿಗೆ ಟವಲು ಹಾಕಿಕೊಂಡು, ಜೇಬುಗಳ್ಳರನ್ನು ಹಿಡಿಯಲು ಜಾತ್ರೆಗೆ ಹೊರಟ ದಿನ ಮಾತ್ರ ಅಮ್ಮ ‘ಇವತ್ತು ಅವರಿಗೆ ಮಫ್ತಿ’ ಎನ್ನುತ್ತಿದ್ದರು. ನಮ್ಮಲ್ಲಿ ಮಫ್ತಿಯೆಂದರೆ ಕಾಣದಂತೆ ಮಾಡುವ ಡ್ಯೂಟಿ.

ಮುಳಬಾಗಿಲು: ನಿಜ. ರಜೆಯಲ್ಲಿರುವ ಪೊಲೀಸರನ್ನು ಯಾವ ಪತ್ರಿಕೆಯೂ ‘ಮಫ್ತಿಯಲ್ಲಿದ್ದರು’ ಎಂದು ಬರೆಯುವುದಿಲ್ಲ.

ಮಾಲೂರು: ಒಪ್ಪಿದೆ, ಫಾರ್ವರ್ಡನ್ನು ಅಳಿಸಿದ್ದೇನೆ. ಅದನ್ನು ನನಗೆ ಕಳುಹಿಸಿದವರಿಗೆ ನಿಮ್ಮ ಬರಹವನ್ನೇ ಕಳುಹಿಸಲೇ?

ಬಂಗಾರಪೇಟೆ: ಧಾರಾಳವಾಗಿ ಕಳುಹಿಸಿ. ಆದರೆ ‘ಊಹೆ’ ಎಂಬ ಪದವನ್ನು ಮಾತ್ರ ತೆಗೆಯಬೇಡಿ.