ಹಾಸನದಿಂದ ಆಲ್ದೂರಿಗೆ ಬೈಕಿನಲ್ಲಿ: ಸೆಖೆ, ಮಳೆ, ಚಳಿಗೆಲ್ಲ ಒಗ್ಗಿ, ಬಿದ್ದರೆ ಮೈ ಕಾಯುವ ಜಾಕೆಟ್ ಯಾವುದು?

ಬೇಲೂರು ದಾರಿಯವನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ವಾಸವಾಗಿದ್ದು, ಆಲ್ದೂರಿನ ಸಮೀಪದ ಕಾಫಿ ತೋಟವೊಂದರ ಲೆಕ್ಕಪತ್ರ ನೋಡಿಕೊಳ್ಳುವ ಸಲುವಾಗಿ ವಾರಕ್ಕೆ ಮೂರು ದಿನ ಬೇಲೂರು, ಚಿಕ್ಕಮಗಳೂರು ಮಾರ್ಗವಾಗಿ ಬೈಕಿನಲ್ಲಿ ಹೋಗಿಬರುತ್ತೇನೆ. ಹೆಲ್ಮೆಟ್ ಒಂದನ್ನು ಬಿಟ್ಟರೆ ಸವಾರಿಗೆಂದೇ ಈವರೆಗೆ ಏನನ್ನೂ ಕೊಂಡವನಲ್ಲ. ಚಳಿಗೆ ಜರ್ಕಿನ್, ಮಳೆಗೆ ರೈನ್‌ಕೋಟ್, ಉಳಿದ ದಿನಗಳಲ್ಲಿ ಬರೀ ಅಂಗಿ.

ಕಳೆದ ತಿಂಗಳು ಹೂಮಳೆ ಬಿದ್ದ ಮರುದಿನ ಬೆಳಿಗ್ಗೆ, ಆಲ್ದೂರಿಗೆ ಇನ್ನು ಐದಾರು ಕಿಲೋಮೀಟರ್ ಇದೆ ಎನ್ನುವಾಗ, ತಿರುವಿನಲ್ಲಿ ಒದ್ದೆಯಾಗಿ ಬಿದ್ದಿದ್ದ ಸಿಲ್ವರ್ ಓಕ್ ಎಲೆಗಳ ಮೇಲೆ ಮುಂದಿನ ಚಕ್ರ ಜಾರಿತು. ವೇಗ ಗಂಟೆಗೆ 30 ಕಿಲೋಮೀಟರನ್ನು ದಾಟಿರಲಿಲ್ಲ. ಆದರೂ ಜರ್ಕಿನ್ನಿನ ಮೊಣಕೈ ಭಾಗ ಉಜ್ಜಿ, ಕರಗಿ, ಚರ್ಮಕ್ಕೇ ಅಂಟಿಕೊಂಡಿತ್ತು; ಎಡ ಅಂಗೈ ಸುಲಿದುಹೋಗಿ ಹದಿನೈದು ದಿನ ಕ್ಲಚ್ ಹಿಡಿಯಲಾಗಲಿಲ್ಲ. ಮುಂಗಾರು ಹಿಡಿಯುವ ಮುನ್ನ ಒಂದು ಸರಿಯಾದ ರೈಡಿಂಗ್ ಜಾಕೆಟ್ ಕೊಳ್ಳಬೇಕೆಂದು ನಿರ್ಧರಿಸಿದ್ದೇನೆ. ಆದರೆ ಗೆಳೆಯರೊಬ್ಬರ ದಪ್ಪನೆಯ ಜಾಕೆಟ್ ತೊಟ್ಟು ಮಧ್ಯಾಹ್ನದ ಬಿಸಿಲಿನಲ್ಲಿ ಕಡೂರಿಗೆ ಹೋಗಿ ಬಂದಾಗ, ಇದನ್ನು ನಾನು ಎರಡನೆಯ ದಿನ ಖಂಡಿತ ಮನೆಯಲ್ಲೇ ಬಿಟ್ಟುಹೋಗುತ್ತೇನೆ ಎಂದು ಅನಿಸಿತು. ಒಳಗಡೆ ಮಳೆಗೊಂದು, ಚಳಿಗೊಂದು ಲೈನರ್ ಇರುವ ಒಂದೇ ಜಾಕೆಟ್ ಕೊಳ್ಳುವುದು ಮೇಲೋ, ಅಥವಾ ಗಾಳಿಯಾಡುವ ಜಾಲರಿಯ ಜಾಕೆಟ್ ಕೊಂಡು ಮೇಲೆ ರೈನ್‌ಕೋಟ್ ಹಾಕುವುದು ಮೇಲೋ? ಜಾಕೆಟ್ಟಿನ ಪಟ್ಟಿಗಳ (ಲೇಬಲ್) ಮೇಲೆ ಮುದ್ರಿಸಿರುವ ಎ, ಎಎ ಎಂಬ ಅಕ್ಷರಗಳಿಗೆ ಏನರ್ಥ? ಒಟ್ಟು 15,000 ರೂಪಾಯಿ ತೆಗೆದಿಟ್ಟಿದ್ದೇನೆ.

ಕೊಟ್ಟಿಗೆಹಾರದ ಮಂಜು

ಎರಡನೆಯ ದಿನ ಮನೆಯಲ್ಲೇ ಬಿಟ್ಟುಹೋಗುತ್ತೇನೆ ಎಂದು ನೀವು ಬರೆದಿರುವ ಮಾತಿನಿಂದಲೇ ಆಯ್ಕೆ ಆರಂಭವಾಗಬೇಕು. ಯಾವ ದಿನ, ಯಾವ ಹವೆಯಲ್ಲಿ ನಿಮಗೆ ಜಾಕೆಟ್ ಬೇಡವೆನಿಸುತ್ತದೆಯೋ ಆ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಹಿತವನ್ನೂ ರಕ್ಷಣೆಯನ್ನೂ ತಕ್ಕಡಿಯ ಎರಡು ತಟ್ಟೆಗಳಂತೆ ಕಾಣುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಬೆವರಿ ಬಳಲಿದವನ ಗಮನ ರಸ್ತೆಯ ಮೇಲಿರುವುದಿಲ್ಲ, ಚಳಿಗೆ ಮರಗಟ್ಟಿದ ಬೆರಳುಗಳು ಬ್ರೇಕನ್ನು ತಡವಾಗಿ ಒತ್ತುತ್ತವೆ. ಹಾಗಾಗಿ ಹಿತವೂ ಒಂದು ಬಗೆಯ ರಕ್ಷಣೆಯೇ.

ನಿಮ್ಮ ದಾರಿಗೆ ನನ್ನ ಸಲಹೆ ನೀವು ಕೇಳಿದ ಎರಡನೆಯ ಆಯ್ಕೆ, ಅಂದರೆ ಜಾಲರಿಯ ಜಾಕೆಟ್, ಮೇಲೆ ರೈನ್‌ಕೋಟ್. ರಕ್ಷಣೆಯ ಪದರ ವರ್ಷವಿಡೀ ಒಂದೇ ಇರಲಿ, ಹವೆಗೆ ತಕ್ಕ ಪದರಗಳು ಅದರಿಂದ ಬೇರೆಯಾಗಿರಲಿ. ಒಳಗಡೆ ಮಳೆಯ ಲೈನರ್ ಇರುವ ಜಾಕೆಟ್ ಒಂದೆರಡು ತಾಸಿನ ಮಳೆ ಕಂಡು ಮತ್ತೆ ಬಿಸಿಲಿಗೆ ಬರುವ ಊರುಗಳಿಗೆ ಸರಿಹೊಂದುತ್ತದೆ. ಅದರಲ್ಲಿ ನೀರು ತಡೆಯುವುದು ಒಳಗಿನ ಪದರ ಮಾತ್ರ. ಹೊರಗಿನ ದಪ್ಪ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಗಾಳಿಗೆ ಆ ನೀರು ಆರುತ್ತಾ ಮೈಯ ಶಾಖವನ್ನೂ ಸೆಳೆಯುತ್ತದೆ. ಆಷಾಢದಲ್ಲಿ ನಮ್ಮ ಕಡೆ ಒಂದು ಪಂಚೆ ಒಣಗಲು ಮೂರು ದಿನ ಬೇಕಾಗುವಾಗ, ನೆನೆದ ಜಾಕೆಟ್ ಮರುದಿನ ಬೆಳಿಗ್ಗೆಗೆ ಹಸಿಯಾಗಿಯೇ ಇರುತ್ತದೆ, ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಮೇಲೆ ರೈನ್‌ಕೋಟ್ ಹಾಕಿದರೆ ಜಾಕೆಟ್ ನೆನೆಯುವುದೇ ಇಲ್ಲ, ಕೋಟನ್ನು ಜಗಲಿಯಲ್ಲಿ ಕೊಡವಿ ನೇತುಹಾಕಿದರೆ ಮುಗಿಯಿತು. ಹಿಂದಿನವರ ಕಂಬಳಿ ಕೊಪ್ಪೆಯೂ ಎಲ್ಲದರ ಮೇಲೇ ಇರುತ್ತಿತ್ತಲ್ಲವೇ? ಚಳಿಗಾಲದ ಬೆಳಗಿನಲ್ಲಿ ಅದೇ ರೈನ್‌ಕೋಟ್ ಗಾಳಿಯನ್ನೂ ತಡೆಯುತ್ತದೆ. ಒಳಗೆ ಮೈಗಂಟುವ ತೆಳುವಾದ ಥರ್ಮಲ್ ಇದ್ದರೆ ಸಾಕು. ಕಪ್ಪು ಬಣ್ಣದ ಕೋಟನ್ನು ಮಾತ್ರ ಕೊಳ್ಳಬೇಡಿ, ಮಂಜಿನಲ್ಲಿ ಎದುರಿನ ಲಾರಿಯವರಿಗೆ ನೀವು ಕಾಣುವುದಿಲ್ಲ.

ಇನ್ನು ಅಕ್ಷರಗಳ ವಿಷಯ. ಇಎನ್ 17092 ಎಂಬ ಯುರೋಪಿನ ಮಾನದಂಡ 2020ರಲ್ಲಿ ಬಂದಿತು, ಸವಾರಿಯ ಉಡುಪುಗಳನ್ನು ಅದು ಐದು ದರ್ಜೆಗಳಾಗಿ ವಿಂಗಡಿಸುತ್ತದೆ. ಎಎಎ ಎಲ್ಲಕ್ಕಿಂತ ಗಟ್ಟಿ, ಆದರೆ ಭಾರ ಮತ್ತು ಸೆಖೆ, ಎಎ ನಡುವಿನದು, ಎ ಹಗುರವಾದದ್ದು, ನಗರದ ವೇಗಕ್ಕೆ ಸಾಕಾಗುವಂಥದ್ದು. ಬಿ ದರ್ಜೆಯ ಬಟ್ಟೆ ಉಜ್ಜುವಿಕೆಯನ್ನು ಎ ದರ್ಜೆಯಷ್ಟೇ ತಡೆದರೂ ಅದರಲ್ಲಿ ಪೆಟ್ಟು ತಡೆಯುವ ಪ್ಯಾಡ್ ಇರುವುದಿಲ್ಲ. ಸಿ ದರ್ಜೆಯದು ಪ್ಯಾಡುಗಳನ್ನು ಮೈಮೇಲೆ ಹಿಡಿದಿಡುವ ಒಳ ಅಥವಾ ಮೇಲುಡುಪು ಮಾತ್ರ, ಡಾಂಬರಿಗೆ ಉಜ್ಜಿದರೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಪ್ಯಾಡುಗಳಿಗೆ ಇಎನ್ 1621 ಎಂಬ ಬೇರೆಯೇ ಮಾನದಂಡವಿದೆ. ಮೊಣಕೈ, ಭುಜ, ಮಂಡಿಯ ಪ್ಯಾಡಿನ ಮೇಲೆ 5 ಕಿಲೋ ತೂಕವನ್ನು 50 ಜೂಲ್ ಶಕ್ತಿ ಬರುವಂತೆ, ಅಂದರೆ ಹೆಚ್ಚುಕಡಿಮೆ ಒಂದು ಮೀಟರ್ ಎತ್ತರದಿಂದ ಬೀಳಿಸಿ, ಕೆಳಗೆ ಎಷ್ಟು ಬಲ ದಾಟಿತೆಂದು ಅಳೆಯುತ್ತಾರೆ. ಸರಾಸರಿ 35 ಕಿಲೋನ್ಯೂಟನ್ನಿನೊಳಗೆ ಇದ್ದರೆ ಲೆವೆಲ್ 1, 20ರೊಳಗೆ ಇದ್ದರೆ ಲೆವೆಲ್ 2. ಬೆನ್ನಿನ ಪ್ಯಾಡಿಗೆ ಈ ಮಿತಿ ಕ್ರಮವಾಗಿ 18 ಮತ್ತು 9.

ಮೋಸ ಹೋಗುವುದು ಇಲ್ಲಿಯೇ. ಜಾಕೆಟ್ಟಿಗೆ ‘ಸಿಇ’ (ಯುರೋಪಿನ ನಿಯಮಗಳಿಗೆ ಒಪ್ಪುತ್ತದೆ ಎಂಬ ಗುರುತು) ಎಂಬ ದೊಡ್ಡ ಪಟ್ಟಿ ತೂಗುಹಾಕಿರುತ್ತಾರೆ, ಬಿಡಿಸಿ ನೋಡಿದರೆ ಪರೀಕ್ಷೆಗೆ ಒಳಗಾಗಿರುವುದು ಪ್ಯಾಡ್ ಮಾತ್ರ, ಬಟ್ಟೆಯಲ್ಲ. ಉಡುಪಿನ ಒಳಗಡೆ ಹೊಲಿದಿರುವ ಪಟ್ಟಿಯ ಮೇಲೆ ಮೋಟಾರ್‌ಸೈಕಲ್ ಸವಾರನ ಚಿಹ್ನೆಯೂ ದರ್ಜೆಯ ಅಕ್ಷರವೂ ಇದ್ದರೆ ಮಾತ್ರ ಇಡೀ ಉಡುಪು ಪರೀಕ್ಷೆಯಾಗಿದೆ ಎಂದು ತಿಳಿಯಿರಿ. ಬೆನ್ನಿನ ಜೇಬಿಗೆ ಕೈ ಹಾಕಿಯೂ ನೋಡಿ. ಕಡಿಮೆ ಬೆಲೆಯ ಜಾಕೆಟ್‌ಗಳಲ್ಲಿ ಅಲ್ಲಿರುವುದು ಎಷ್ಟೋ ಸಲ ಬರೀ ಸ್ಪಂಜು.

ಸಕಲೇಶಪುರದ ದಾರಿಹೋಕ

ಮೇಲಿನವರು ಹೇಳಿದ್ದನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಜಾಲರಿಯ ಜಾಕೆಟ್ ಎಂದರೆ ಎಲ್ಲವೂ ಒಂದೇ ಎಂಬ ಭಾವನೆ ಓದುಗರಿಗೆ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಎದೆ, ಬೆನ್ನು, ತೋಳಿನ ಒಳಮೈಯಲ್ಲಿ ಜಾಲರಿಯಿದ್ದು, ಭುಜ ಮತ್ತು ಮೊಣಕೈಯ ಹೊರಮೈಯಲ್ಲಿ ದಟ್ಟವಾಗಿ ನೇಯ್ದ ಬಟ್ಟೆಯಿರುವುದನ್ನೇ ಆರಿಸಬೇಕು. ಬಿದ್ದಾಗ ಮೊದಲು ನೆಲಕ್ಕೆ ತಾಗುವುದು ಆ ಜಾಗಗಳೇ. ಅಲ್ಲಿಯೂ ಜಾಲರಿಯಿದ್ದರೆ ಅದು ಹರಿದು ಪ್ಯಾಡ್ ಹೊರಗೆ ಜಾರುತ್ತದೆ. ಹೊಲಿಗೆಯನ್ನೂ ಗಮನಿಸಿ. ಬಟ್ಟೆ ಎಷ್ಟೇ ಗಟ್ಟಿಯಿರಲಿ, ಮೊಣಕೈ ಸುತ್ತ ಒಂದೇ ಸಾಲಿನ ಹೊಲಿಗೆಯಿದ್ದರೆ ಜಾರುವಾಗ ಅದೇ ಮೊದಲು ಬಿಚ್ಚಿಕೊಳ್ಳುತ್ತದೆ.

ರೈನ್‌ಕೋಟಿನ ಬಗ್ಗೆಯೂ ಒಂದು ತಕರಾರಿದೆ. ಶಿರಾಡಿಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ಮಳೆ ಹೇಳಿಕೇಳಿ ಬರುವುದಿಲ್ಲ. ಸಕಲೇಶಪುರದ ಮಂಜಿನಲ್ಲಿ ಹೊರಟವನು ಗುಂಡ್ಯ ಮುಟ್ಟುವಷ್ಟರಲ್ಲಿ ಬೆವರಿನಲ್ಲಿ ಮಿಂದಿರುತ್ತಾನೆ. ಪ್ರತಿ ಸಲವೂ ಘಾಟಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ ಕೋಟು ಹಾಕಿ ತೆಗೆಯುವುದು ಬೇಸರದ ಕೆಲಸ ಮಾತ್ರವಲ್ಲ, ಅಪಾಯದ ಕೆಲಸವೂ ಹೌದು. ಆದ್ದರಿಂದ ನಾನು ಜಾಲರಿಯ ಬದಲು, ಎದೆಯಲ್ಲೂ ತೋಳಿನಲ್ಲೂ ಜಿಪ್ ತೆರೆದರೆ ಗಾಳಿಯಾಡುವ ದಪ್ಪ ಬಟ್ಟೆಯ ಎಎ ಜಾಕೆಟ್ ತೊಡುತ್ತೇನೆ. ಸಣ್ಣ ತುಂತುರಿಗೆ ಅದು ತಕ್ಷಣ ನೆನೆಯುವುದಿಲ್ಲ. ನಿಮ್ಮ ದಾರಿಯಲ್ಲಿ ಘಾಟಿ ಇಲ್ಲ, ಆದರೆ ಬೇಲೂರು ಕಡೆಯ ಬಿಸಿಲಿದೆ, ಹಾಗಾಗಿ ನಿಮಗೆ ಜಾಲರಿಯೇ ಸರಿಯಾಗಬಹುದು. ಚರ್ಮದ ಜಾಕೆಟ್ ಉಜ್ಜುವಿಕೆಗೆ ಬಹಳ ಚೆನ್ನಾಗಿ ತಡೆಯುತ್ತದೆ ಎಂಬುದು ನಿಜ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಅದನ್ನು ಕಾಪಾಡುವುದೇ ಒಂದು ಕಸುಬಾಗುತ್ತದೆ.

ಇನ್ನೊಂದು ಮಾತು. ಸವಾರಿಯ ಚರ್ಚೆಗಳಲ್ಲಿ ಜಾಕೆಟ್ಟಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಗ್ಲೌಸಿನ ಬಗ್ಗೆ ಒಂದು ಸಾಲು. ಬೀಳುವಾಗ ಯಾರೇ ಆಗಲಿ ತಮಗರಿಯದೆ ಅಂಗೈಯೂರುತ್ತಾರೆ, ನೀವೂ ಊರಿದ್ದೀರಿ. ಮಣಿಕಟ್ಟಿನ ಬಳಿ, ಹೆಬ್ಬೆರಳಿನ ಬುಡಕ್ಕೆ ಹತ್ತಿರವಿರುವ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆಗೆ ರಕ್ತ ಸಂಚಾರ ಕಡಿಮೆ. ಅದು ಮುರಿದರೆ ಕೂಡಿಕೊಳ್ಳಲು ತಿಂಗಳುಗಳೇ ಬೇಕಾಗುತ್ತವೆ. ಅಂಗೈ ಬುಡದಲ್ಲಿ ನುಣುಪಾದ ಗಟ್ಟಿ ಬಿಲ್ಲೆಯಿರುವ ಗ್ಲೌಸ್ ತೆಗೆದುಕೊಳ್ಳಿ, ಅದು ನೆಲಕ್ಕೆ ಕಚ್ಚಿಕೊಳ್ಳದೆ ಜಾರುತ್ತದೆ. ಮಣಿಕಟ್ಟಿನ ಪಟ್ಟಿ ಬಿಗಿದ ಮೇಲೆ ಬೆರಳ ತುದಿ ಹಿಡಿದು ಎಳೆದರೆ ಕಳಚಿ ಬರಬಾರದು.

ಚಿಕ್ಕಮಗಳೂರಿನ ಮೇಷ್ಟ್ರಮ್ಮ

ನಾನು ಮೂಡಿಗೆರೆ ರಸ್ತೆಯ ಶಾಲೆಯೊಂದಕ್ಕೆ ನಿತ್ಯ ಸ್ಕೂಟರಿನಲ್ಲಿ ಹೋಗುವವಳು. ಇಲ್ಲಿ ಬರೆಯುವವರೆಲ್ಲ ದೂರದ ಸವಾರರೇ ಆದ್ದರಿಂದ ನನ್ನ ಮಾತು ಸಣ್ಣದೆನಿಸಬಹುದು. ಕಚೇರಿಯ ಬಟ್ಟೆಯ ಮೇಲೆ ತೊಟ್ಟು, ತಲುಪಿದ ಮೇಲೆ ಎರಡು ನಿಮಿಷದಲ್ಲಿ ಕಳಚಿಡಲಾಗದ ಉಡುಪು ಎಷ್ಟೇ ಉತ್ತಮ ದರ್ಜೆಯದಾದರೂ ತಿಂಗಳೊಳಗೆ ಮೊಳೆಗೆ ನೇತುಬೀಳುತ್ತದೆ. ನಾನು ಚೂಡಿದಾರದ ಮೇಲೆಯೇ ತೊಡಬಹುದಾದ, ಪಕ್ಕದಲ್ಲಿ ಪಾದದಿಂದ ತೊಡೆಯವರೆಗೂ ಜಿಪ್ ತೆರೆಯುವ ಪ್ಯಾಂಟನ್ನು ಕೊಂಡೆ. ಬೂಟು ಕಳಚದೆಯೇ ತೊಡಬಹುದು, ತೆಗೆಯಬಹುದು. ದುಪಟ್ಟಾ ಜಾಕೆಟ್ಟಿನ ಒಳಗೆ ಸೇರುವುದರಿಂದ ಚಕ್ರಕ್ಕೆ ಸಿಲುಕುವ ಭಯವೂ ಹೋಯಿತು. ಪ್ಯಾಂಟಿನ ಮಾತನ್ನು ಮೇಲಿನ ಇಬ್ಬರೂ ಎತ್ತಲಿಲ್ಲ ಎಂಬುದನ್ನು ಗಮನಿಸಿದೆ. ಮಂಡಿ, ಸೊಂಟದ ಪಕ್ಕ ಎರಡೂ ಮೊದಲು ಪೆಟ್ಟು ತಿನ್ನುವ ಜಾಗಗಳು, ಮಾಮೂಲಿ ಜೀನ್ಸ್ ಡಾಂಬರಿನ ಮೇಲೆ ಕ್ಷಣಾರ್ಧದಲ್ಲಿ ತೂತಾಗುತ್ತದೆ.

ಮಹಿಳೆಯರಿಗೆ ಒಂದು ಸೂಚನೆ. ಅಂಗಡಿಯವರು ಗಂಡಸರ ಚಿಕ್ಕ ಅಳತೆಯನ್ನೇ ಕೊಟ್ಟು ಇದೇ ಆಗುತ್ತದೆ ಎನ್ನುತ್ತಾರೆ. ಭುಜ ಅಗಲವಾಗಿ, ಮೊಣಕೈ ಪ್ಯಾಡ್ ಮುಂಗೈಗೆ ಇಳಿದಿರುತ್ತದೆ. ನಾನು ಅಂಥದ್ದನ್ನು ಹಿಂದಿರುಗಿಸಿ ಹೆಂಗಸರ ಅಳತೆಯದನ್ನು ತರಿಸಿಕೊಂಡೆ.

ಬೇಲೂರು ದಾರಿಯವನು

ಮೂವರಿಗೂ ಧನ್ಯವಾದಗಳು. ಮೇಷ್ಟ್ರಮ್ಮನವರೇ, ಪ್ಯಾಂಟಿನ ಯೋಚನೆ ನನಗೆ ನಿಜಕ್ಕೂ ಬಂದಿರಲಿಲ್ಲ. ಇನ್ನು ಮೂರು ಸಂದೇಹಗಳಿವೆ. ಡಿಸೆಂಬರಿನಲ್ಲಿ ಒಳಗೆ ಸ್ವೆಟರ್ ಹಾಕಲು ಅನುಕೂಲವಾಗಲೆಂದು ಒಂದು ಅಳತೆ ದೊಡ್ಡ ಜಾಕೆಟ್ ಕೊಳ್ಳಬಹುದೇ? ತೋಟದಲ್ಲಿ ಇಂಬಳದ ಕಾಟಕ್ಕೆ ಗಂಬೂಟ್ ಹಾಕುತ್ತೇನೆ, ಬೈಕಿನಲ್ಲೂ ಅದೇ ನಡೆಯುತ್ತದೆಯೇ? ನೆನೆದರೆ ಬಚ್ಚಲ ಒಲೆಯ ಮೇಲೆ ಒಣಹಾಕಬಹುದೇ?

ಕೊಟ್ಟಿಗೆಹಾರದ ಮಂಜು

ದೊಡ್ಡ ಅಳತೆ ಬೇಡವೇ ಬೇಡ. ಪ್ಯಾಡ್ ಪೆಟ್ಟು ಬೀಳುವ ಕ್ಷಣದಲ್ಲಿ ಮೂಳೆಯ ಮೇಲೇ ಇರಬೇಕು, ಸಡಿಲವಾದ ತೋಳಿನಲ್ಲಿ ಅದು ಪಕ್ಕಕ್ಕೆ ತಿರುಗಿರುತ್ತದೆ. ಜಾಕೆಟ್ ತೊಟ್ಟು, ನಿಂತಲ್ಲಿ ಕನ್ನಡಿ ನೋಡಿ ತೀರ್ಮಾನಿಸದೆ, ಅಂಗಡಿಯ ಹೊರಗೆ ನಿಲ್ಲಿಸಿದ ನಿಮ್ಮ ಬೈಕಿನ ಮೇಲೆ ಕುಳಿತು ಹ್ಯಾಂಡಲ್ ಹಿಡಿಯಿರಿ. ತೋಳು ಮಣಿಕಟ್ಟನ್ನು ಮುಚ್ಚಿರಬೇಕು, ಬೆನ್ನು ಸೊಂಟಕ್ಕಿಂತ ಮೇಲೆ ಸರಿಯಬಾರದು, ಇನ್ನೊಂದು ಕೈಯಿಂದ ಮೊಣಕೈ ಪ್ಯಾಡನ್ನು ತಿರುಗಿಸಲು ನೋಡಿದರೆ ಅದು ಅಲುಗಬಾರದು. ಸ್ವೆಟರ್ ಬದಲು ಥರ್ಮಲ್ ಎಂದು ನಾನು ಹೇಳಿದ್ದು ಈ ಕಾರಣಕ್ಕೇ. ಬೇಸಿಗೆಯಲ್ಲಿ ಹತ್ತಿಯ ಬನಿಯನ್ ಬೆವರು ಹಿಡಿದಿಟ್ಟುಕೊಳ್ಳುತ್ತದೆ. ಬೇಗ ಆರುವ ತೆಳು ಪಾಲಿಯೆಸ್ಟರ್ ಅಂಗಿಯಿದ್ದರೆ ಜಾಲರಿಯ ಗಾಳಿಯ ಗುಣ ನಿಮಗೆ ತಿಳಿಯುತ್ತದೆ.

ಗಂಬೂಟ್ ನೀರನ್ನೂ ಇಂಬಳವನ್ನೂ ತಡೆಯುತ್ತದೆ, ಕಾಲಿನ ಗಿಣ್ಣನ್ನು ಕಾಯುವುದಿಲ್ಲ, ಬಿದ್ದರೆ ಕಳಚಿಯೂ ಹೋಗುತ್ತದೆ. ಗಿಣ್ಣು ಮುಚ್ಚುವ, ಲೇಸಿನ ಮೇಲೆ ಪಟ್ಟಿಯಿರುವ ಗಟ್ಟಿ ಬೂಟ್ ಧರಿಸಿ, ಗಂಬೂಟನ್ನು ತೋಟದಲ್ಲೇ ಇಡಿ. ಬಚ್ಚಲ ಒಲೆಯ ಬುಡಕ್ಕೆ ಸವಾರಿಯ ಬಟ್ಟೆ ಒಯ್ಯಲೇಬೇಡಿ. ನೂಲು ಸಿಂಥೆಟಿಕ್ ಆದ್ದರಿಂದ ಕಿಡಿ ಬಿದ್ದಲ್ಲಿ ತೂತು, ಬಿಸಿ ತಾಗಿದಲ್ಲಿ ರೈನ್‌ಕೋಟಿನ ಹೊಲಿಗೆಗೆ ಅಂಟಿಸಿದ ಟೇಪ್ ಏಳುತ್ತದೆ. ಅಟ್ಟದ ಕೆಳಗೆ ಗಾಳಿಯಾಡುವ ಕಡೆ, ಪ್ಯಾಡ್‌ಗಳನ್ನು ತೆಗೆದು ನೇತುಹಾಕಿ.

ಹಣದ ಹಂಚಿಕೆಯಲ್ಲಿ ಜಾಕೆಟ್ಟಿಗೆ 7,000ಕ್ಕಿಂತ ಹೆಚ್ಚು ಇಡದೆ, ಉಳಿದುದನ್ನು ಗ್ಲೌಸ್, ಪ್ಯಾಂಟ್, ಬೂಟಿಗೆ ಉಳಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಹೆಲ್ಮೆಟ್ ಆ ದಿನ ನೆಲಕ್ಕೆ ಬಡಿದಿದ್ದರೆ ಅದನ್ನೂ ಬದಲಿಸಬೇಕು, ಒಳಗಿನ ಥರ್ಮಕೋಲ್ ಒಮ್ಮೆ ಅದುಮಿದರೆ ಮತ್ತೆ ಉಬ್ಬುವುದಿಲ್ಲ.

ಬೇಲೂರು ದಾರಿಯವನು

ಹೆಲ್ಮೆಟ್ ನೆಲಕ್ಕೆ ತಾಗಿರಲಿಲ್ಲ, ಅದೊಂದು ಖರ್ಚು ಉಳಿಯಿತು. ಕೊನೆಗೆ ಭುಜ, ಮೊಣಕೈಯಲ್ಲಿ ದಟ್ಟ ಬಟ್ಟೆಯಿರುವ ಎ ದರ್ಜೆಯ ಜಾಲರಿ ಜಾಕೆಟ್ ಕೊಂಡೆ. ಬೆನ್ನಿನ ಜೇಬಿಗೆ ಕೈ ಹಾಕಿದಾಗ ನೀವು ಹೇಳಿದಂತೆಯೇ ಸ್ಪಂಜು ಸಿಕ್ಕಿತು, ಲೆವೆಲ್ 2 ಪ್ಯಾಡನ್ನು ಬೇರೆಯಾಗಿ ಕೊಂಡು ಸೇರಿಸಿದೆ. ಪ್ಯಾಂಟ್ ಕೊಂಡಾಯಿತು, ಬೂಟು ಮುಂದಿನ ತಿಂಗಳ ಸಂಬಳಕ್ಕೆ. ನಿನ್ನೆ ಬೇಲೂರು ದಾಟಿದ ಮೇಲೆ ಒಳ್ಳೆಯ ಮಳೆ ಸಿಕ್ಕಿತು. ಮೈ ಒಣಗಿಯೇ ಇತ್ತು, ಗ್ಲೌಸಿನೊಳಗೆ ಮಾತ್ರ ನೀರು ತುಂಬಿಕೊಂಡಿತು.

ಸಕಲೇಶಪುರದ ದಾರಿಹೋಕ

ಗ್ಲೌಸಿನ ಪಟ್ಟಿಯನ್ನು ರೈನ್‌ಕೋಟಿನ ತೋಳಿನ ಮೇಲೆ ಬಿಗಿದಿದ್ದೀರಿ ಎಂದು ಕಾಣುತ್ತದೆ. ಕೈ ಕೆಳಮುಖವಾಗಿರುವುದರಿಂದ ತೋಳಿನಿಂದ ಇಳಿದ ನೀರು ನೇರವಾಗಿ ಒಳಗೆ ಹೋಗುತ್ತದೆ. ಗ್ಲೌಸ್ ಮೊದಲು ಹಾಕಿ, ಕೋಟಿನ ತೋಳನ್ನು ಅದರ ಮೇಲೆ ಎಳೆದುಕೊಳ್ಳಿ.